ಸಾವಿಲ್ಲದ ಮನೆ

"ಅಲ್ಲೇ ನಿಲ್ಲೇ, ಮುಂಡೆ. ಆ ಹೊಲಸು ಕಾಲಲ್ಲಿ ಒಳಗೆ ಬಂದ್ಯೋ, ಮುರಿದು ಕೈಗೆ ಕೊಡ್ತೀನಿ."

ಯಜಮಾನನ ಕೂಗಿಗೆ ಕುಳ್ಳಿ ಬಕೆಟ್ಟು ಹಿಡಿದುಕೊಂಡು ಹಿತ್ತಲ ಬಾಗಿಲ ಹೊರಗೇ ನಿಂತಳು. ಒಳಗೆ ನಡುಮನೆಯ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆಳಗ್ಗಿನಿಂದ ಮಂಡಿಯೂರಿ ಅದನ್ನು ಉಜ್ಜಿದವಳು ಅವಳೇ. ಉಜ್ಜುವಾಗ ಆ ಕಾಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಕೊಳ್ಳುವವರು ಬರುವ ಹೊತ್ತಾಗಿತ್ತು.

ಮನೆ ಮಾರಾಟಕ್ಕಿತ್ತು. ಮುಂಗಡ ಯಜಮಾನನ ಕೈ ಸೇರಿಯಾಗಿತ್ತು. ಕೊಳ್ಳುವವರು ಲಾಯರನ್ನು ಕರೆತಂದು, ಕೇಳುವುದನ್ನೆಲ್ಲ ಕೇಳಿ ತೃಪ್ತಿಪಟ್ಟರೆ ಕ್ರಯಪತ್ರ ಬರೆಯುವುದೊಂದೇ ಬಾಕಿ. ಅದಕ್ಕಾಗಿ ಯಜಮಾನ ಗೋಡೆಯ ಬಿರುಕುಗಳಿಗೆ ಬಣ್ಣ ಬಳಿಸಿದ್ದ. ಸೋರಿ ಕಪ್ಪಾದ ಮೂಲೆಗೆ ಬೀರು ಸರಿಸಲು ಕುಳ್ಳಿಯ ಮೈದುನನನ್ನು ಕರೆಸಿದ್ದ. ಹಿತ್ತಲಿನ ಕಕ್ಕಸು ಗುಂಡಿ ತುಂಬಿ ಮುಚ್ಚಳದ ಸಂದಿಯಿಂದ ಜಿನುಗುತ್ತಿತ್ತು. ಅದರ ಸುತ್ತ ಹೂಕುಂಡಗಳನ್ನು ಜೋಡಿಸಲು ಹೇಳಿದ್ದ.

"ಗುಂಡಿ ತೆಗೆಸೋಕೆ ಮೆಷಿನ್ ಗಾಡಿ ಕರೆಸ್ತೀನಿ ಅಂದಿದ್ರಿ," ಅಂದಿದ್ದಳು ಕುಳ್ಳಿ.

"ಗಾಡಿ ಬಂದು ನಿಂತ್ರೆ ಬೀದಿಗೆಲ್ಲ ಡಂಗುರ. ನಿಮ್ಮಂಥೋರು ಇರೋದ್ಯಾಕೆ ಮತ್ತೆ?"

ಹೋದ ಬೇಸಿಗೆಯಲ್ಲಿ ಆ ಗುಂಡಿಗೆ ಇಳಿದಿದ್ದವನು ಅವಳ ಗಂಡ. ಮೇಲೆ ಹಗ್ಗ ಹಿಡಿದು ನಿಂತವನು ಗಂಡನ ತಮ್ಮ. ಕೆಳಗೆ ಒಂದು ಸಲ ಕೆಮ್ಮಿದ ಸದ್ದಾಯಿತು, ಆಮೇಲೆ ಹಗ್ಗ ಭಾರವಾಯಿತು. ಎಳೆದು ಹಾಕಿದಾಗ ಅವನ ಬಾಯಿ ತುಂಬ ಹೇಲಿತ್ತು. ಯಜಮಾನ ಮೊದಲು ಓಡಿದ್ದು ಗೇಟಿನ ಕಡೆಗೆ, ಬೀದಿಯಲ್ಲಿ ಯಾರಾದರೂ ಇದ್ದಾರೋ ನೋಡಲು. ವಾಪಸು ಬಂದು, "ಪೈಪ್ ಹಿಡಿದು ತೊಳಿ ಇವನ್ನ," ಅಂದ. ತಮ್ಮ ಅಣ್ಣನನ್ನು ತೊಳೆದ. ಯಜಮಾನನೂ ಅವನೂ ಸೇರಿ ಹೆಣವನ್ನು ಹೊತ್ತುಕೊಂಡು ಹೋಗಿ ಬೀದಿಯ ಚರಂಡಿ ಪಕ್ಕ ಮಲಗಿಸಿದರು. ಪೊಲೀಸರು ಬರುವಷ್ಟರಲ್ಲಿ ಅವನು ಕುಡಿದು ಬಿದ್ದು ಸತ್ತವನಾಗಿದ್ದ.

"ಹಗ್ಗ ಹಿಡಿದಿದ್ದೋನು ನೀನು. ಬಾಯಿ ಬಿಟ್ರೆ ಜೈಲಿಗೆ ಹೋಗೋನೂ ನೀನೇ," ಅಂದಿದ್ದ ಯಜಮಾನ. ಮೈದುನ ಬಾಯಿ ಬಿಟ್ಟಿದ್ದು ಅತ್ತಿಗೆಯ ಮುಂದೆ ಮಾತ್ರ, ಅದೂ ಕುಡಿದಾಗ. ಕುಳ್ಳಿಗೆ ಅದೇ ಮನೆಯಲ್ಲಿ ಕಸಮುಸುರೆಯ ಕೆಲಸ ಸಿಕ್ಕಿತು. ಯಜಮಾನನದು ದೊಡ್ಡ ಮನಸ್ಸು ಎಂದರು ಬೀದಿಯವರು.

ಕೊಳ್ಳುವವರು ಬಂದರು. ಕಾಲೇಜಿನ ಮೇಷ್ಟ್ರು, ಅವರ ಹೆಂಡತಿ, ಕಂಕುಳಲ್ಲಿ ಚರ್ಮದ ಚೀಲ ಸಿಕ್ಕಿಸಿಕೊಂಡ ಲಾಯರು. ಮೇಷ್ಟ್ರು ಒಳ್ಳೆಯ ಮನುಷ್ಯರ ಹಾಗೆ ಕಾಣುತ್ತಿದ್ದರು. ಹೊರಗೆ ಕಿಟಕಿಯ ಸರಳು ಒರೆಸುತ್ತಿದ್ದ ಕುಳ್ಳಿಯನ್ನು ಕಂಡು, "ಬಿಸಿಲಲ್ಲಿ ನಿಂತಿದೀಯಲ್ಲ ತಾಯಿ," ಎಂದು ಒಳಗೆ ಹೋದರು. ನಡುಮನೆಯ ಮಾತೆಲ್ಲ ಕಿಟಕಿಯಿಂದ ಅವಳಿಗೆ ಕೇಳುತ್ತಿತ್ತು.

"ಮನೆ ಯಾರ ಹೆಸರಲ್ಲಿದೆ?" ಲಾಯರು ಶುರುಮಾಡಿದ.

"ನಂದೇ. ಅಪ್ಪನಿಂದ ಬಂದದ್ದು."

"ಅಣ್ಣತಮ್ಮ, ಅಕ್ಕತಂಗಿ? ನಾಳೆ ಯಾರೂ ಪಾಲು ಕೇಳ್ಕೊಂಡು ಬರಲ್ಲ ತಾನೇ?"

"ಎಲ್ಲಾ ಬಿಟ್ಟುಕೊಟ್ಟು ಸಹಿ ಹಾಕಿದಾರೆ. ಒಬ್ಬಳು ತಂಗಿ ಕೊಸರಾಡಿದ್ಲು, ಬಾಯಿ ಮುಚ್ಚಿಸಿದೀನಿ."

"ಮನೆ ಮೇಲೆ ಸಾಲ?"

"ತೀರಿಸಿ ಕೈ ತೊಳ್ಕೊಂಡಿದೀನಿ."

"ಹಿತ್ತಲಲ್ಲಿ ಓಡಾಡೋ ಹಕ್ಕು ಬೇರೆ ಯಾರಿಗಾದ್ರೂ ಇದೆಯಾ?"

"ಹಕ್ಕಾ? ಹೇಲು ಬಾಚೋರು ಬರ್ತಾರೆ ಅಷ್ಟೆ."

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಮೂಲೆ ಮುಚ್ಚಿದ ಬೀರನ್ನು ಹೆಗಲು ಕೊಟ್ಟು ಗೋಡೆಗೆ ಒತ್ತುತ್ತಿದ್ದ ಮೈದುನ ಮಾತ್ರ ನಗಲಿಲ್ಲ.

"ಇನ್ನೊಂದು ಕೇಳ್ಬೇಕು, ಬೇಜಾರು ಮಾಡ್ಕೋಬೇಡಿ. ಮನೇಲಾಗಲಿ ಕಾಂಪೌಂಡಿನೊಳಗಾಗಲಿ ಯಾರಾದ್ರೂ ಸತ್ತಿದ್ದಾರಾ? ನೇಣು, ಬೆಂಕಿ, ಅಂಥದ್ದೇನಾದ್ರೂ?"

"ನಂಗೆ ಅದೊಂದು ಗೊತ್ತಾಗ್ಬೇಕು," ಅಂದಳು ಮೇಷ್ಟ್ರ ಹೆಂಡತಿ. "ಹಾಗೆ ಸತ್ತಿರೋ ಮನೇಲಿ ನಂಗೆ ನಿದ್ದೆ ಹತ್ತಲ್ಲ."

"ನಮ್ಮಪ್ಪ ಹೋಗಿದ್ದು ಆಸ್ಪತ್ರೇಲಿ," ಅಂದ ಯಜಮಾನ. "ಇಲ್ಲಿ ಒಂದು ಬೆಕ್ಕೂ ಸತ್ತಿಲ್ಲ."

ಕುಳ್ಳಿಯ ಕೈ ಸರಳಿನ ಮೇಲೆ ನಿಂತುಹೋಯಿತು. ಪೊಲೀಸರ ಮುಂದೆ ಅವಳ ಗಂಡನಿಗೆ ಸಾಯಲು ಒಂದು ಬೀದಿಯಾದರೂ ಇತ್ತು. ಈಗ ಬೆಕ್ಕಿನ ಲೆಕ್ಕಕ್ಕೂ ಅವನು ಬರಲಿಲ್ಲ. ಅವಳು ಸರಳುಗಳ ನಡುವೆ ಮುಖ ಇಟ್ಟು, "ನನ್ ಗಂಡ ಸತ್ತ," ಅಂದಳು. "ಹಿತ್ತಲ ಗುಂಡೀಲಿ. ಇವ್ರು ಎತ್ಕೊಂಡು ಹೋಗಿ ಬೀದಿಗೆ ಹಾಕಿದ್ರು."

ಯಜಮಾನ ಎದ್ದು ಬಂದು ಕಿಟಕಿಯೊಳಗಿಂದಲೇ ಅವಳ ಜುಟ್ಟು ಹಿಡಿದ. ಹಣೆ ಸರಳಿಗೆ ಬಡಿಯಿತು. "ಕುಡಿದು ಬಿದ್ದು ಸತ್ತ ನಾಯಿ ಅವನು. ಪಾಪ ಅಂತ ಅನ್ನ ಹಾಕಿದ್ರೆ ಬಾಯಿಗೆ ಬಂದಂಗೆ ಬೊಗಳ್ತೀಯೇನೇ?"

"ನಿನ್ ಅಣ್ಣ ಎಲ್ಲಿ ಸತ್ತ, ಹೇಳೋ," ಅಂದಳು ಕುಳ್ಳಿ ಮೈದುನನ ಕಡೆ ನೋಡಿ.

ಮೈದುನನ ಹೆಗಲು ಇನ್ನೂ ಬೀರಿಗೇ ಆನಿಕೊಂಡಿತ್ತು. ಎಲ್ಲರೂ ಅವನನ್ನೇ ನೋಡಿದರು. ಅವನು ನೆಲ ನೋಡುತ್ತ, "ಎಳೆದೋನು ನಾನೇ," ಅಂದ. "ತೊಳೆದೋನೂ ನಾನೇ."

ಯಜಮಾನನ ಕೈ ಸಡಿಲವಾಯಿತು. ಇಷ್ಟು ದಿನ ಕುಳ್ಳಿ ಒಂದನ್ನು ನಂಬಿದ್ದಳು: ಈ ಮಾತು ಹೊರಗೆ ಬಿದ್ದ ದಿನ ಈ ಮನೆ ನಿಲ್ಲುವುದಿಲ್ಲ. ಯಾರಾದರೂ ಕಿರುಚುತ್ತಾರೆ, ಯಾರಾದರೂ ಪೊಲೀಸರನ್ನು ಕರೆಯುತ್ತಾರೆ, ಆ ಮೇಷ್ಟ್ರಂಥವರು ಯಾರಾದರೂ ಎದ್ದು ನಿಲ್ಲುತ್ತಾರೆ.

ಮೇಷ್ಟ್ರು ಎದ್ದು ನಿಂತರು. ಕಿಟಕಿಯ ಹತ್ತಿರ ಬಂದು, "ನಿಜವೇನಮ್ಮಾ? ಛೇ, ಘೋರ," ಅಂದರು. ಕಣ್ಣಲ್ಲಿ ನೀರೂ ಆಡಿತು. ಆಮೇಲೆ ವಾಪಸು ಹೋಗಿ ಕುರ್ಚಿ ಮುಂದಕ್ಕೆಳೆದುಕೊಂಡರು.

"ನೀವು ಇದನ್ನ ಮುಚ್ಚಿಡಬಾರದಾಗಿತ್ತು. ರೇಟು ಇನ್ನೊಂದ್ಸಲ ಮಾತಾಡ್ಬೇಕಾಗುತ್ತೆ."

"ಒಬ್ಬ ಹೇಲು ಬಾಚೋನಿಗೆ ರೇಟು ಇಳಿಸ್ಬೇಕಾ ಸ್ವಾಮಿ? ನನ್ನ ಮಗನೇ ಸತ್ತಿದ್ರೆ ಏನು, ಪುಕ್ಕಟೆ ಕೇಳ್ತಿದ್ರಾ?"

"ನಾಳೆ ನಾವು ಮಾರುವಾಗ ನಮಗೂ ಯಾರಾದ್ರೂ ಕೇಳ್ತಾರಲ್ಲ."

"ಕೇಳಿದ್ರೆ ನೀವೂ ಇಲ್ಲ ಅನ್ನಿ."

"ಮನೆಯೊಳಗಲ್ಲ ತಾನೇ? ಗುಂಡೀಲಿ ತಾನೇ?" ಅಂದಳು ಮೇಷ್ಟ್ರ ಹೆಂಡತಿ. "ಗುಂಡಿ ಅಂದ್ರೆ ನಂಗೆ ಅಷ್ಟೇನೂ ಭಯ ಇಲ್ಲ ಅನ್ಸುತ್ತೆ."

ಅವರು ಎಳೆದಾಡಿದರು. ಒಬ್ಬ ಇಳಿಸಿದ, ಒಬ್ಬ ಏರಿಸಿದ. ಕುಳ್ಳಿಯ ಹಣೆಯಿಂದ ಸೋರಿದ ರಕ್ತ ಹುಬ್ಬಿನವರೆಗೆ ಬಂದು ಒಣಗುವಷ್ಟರಲ್ಲಿ ಅವಳ ಗಂಡನ ಸಾವಿಗೊಂದು ಬೆಲೆ ನಿಗದಿಯಾಗಿತ್ತು. ಬದುಕಿದ್ದಾಗ ಅಷ್ಟನ್ನು ಅವನು ಕಣ್ಣಲ್ಲಿ ಕಂಡಿರಲಿಲ್ಲ. ಅದರಲ್ಲಿ ಅವಳ ಪಾಲಿನ ಮಾತನ್ನು ಯಾರೂ ಎತ್ತಲಿಲ್ಲ.

"ಬರವಣಿಗೇಲಿ ಸಾವಿಲ್ಲ ಅಂತಾನೇ ಇರ್ಲಿ," ಅಂದ ಲಾಯರು. "ಇಬ್ರಿಗೂ ಕ್ಷೇಮ."

"ಆದ್ರೆ ಒಂದು ಷರತ್ತು," ಅಂದರು ಮೇಷ್ಟ್ರು. "ಗುಂಡಿ ನಮ್ಮ ಕಣ್ಣೆದುರಿಗೆ ಖಾಲಿಯಾಗ್ಬೇಕು. ಆಮೇಲೇ ಸಹಿ."

"ಅದಕ್ಕೇನು, ಜನ ಇಲ್ಲೇ ಇದಾರಲ್ಲ," ಅಂದ ಯಜಮಾನ.

ಹಿತ್ತಲಿಗೆ ಅವನೇ ಸಾರಾಯಿ ಬಾಟಲಿ ತಂದ. ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಮೇಲಿನಿಂದಲೇ ಸುರಿದು, ಕಾಲಲ್ಲಿ ಮೈದುನನ ಕಡೆ ತಳ್ಳಿದ.

"ಕುಡಿ, ಇಳಿ. ಹೂಂ ಅನ್ನು, ಉಹೂಂ ಅನ್ನು, ಎಳೆದೋನು ನಾನೇ ಅಂತ ಈಗಷ್ಟೇ ಒಪ್ಕೊಂಡಿದೀಯ. ಲಾಯರು ಕಿವಿಯಾರೆ ಕೇಳಿದಾರೆ. ಗೊತ್ತಾಯ್ತೇನೋ, ಸೂಳೆಮಗನೆ?"

ಮೈದುನ ಒಂದೇ ಗುಟುಕಿಗೆ ಕುಡಿದ. ಕುಂಡಗಳನ್ನು ಪಕ್ಕಕ್ಕಿಟ್ಟು ಅವನೂ ಅತ್ತಿಗೆಯೂ ಹಾರೆ ಹಾಕಿ ಕಲ್ಲಿನ ಮುಚ್ಚಳ ಮೀಟಿದರು. ನಾತ ಎದ್ದು ಬಂತು. ಮೇಷ್ಟ್ರ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಗಂಡಸರು ಕರವಸ್ತ್ರ ಮೂಗಿಗಿಟ್ಟು ದೂರ ನಿಂತರು. ಒಳಗಿನ ಕಪ್ಪು ಸುಮ್ಮನೆ ಗುಳ್ಳೆ ಬಿಡುತ್ತಿತ್ತು.

ಮೈದುನ ಅಂಗಿ ಬಿಚ್ಚಿದ. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟ.

"ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತಿಗೆ."

ಅವನು ಗುಂಡಿಯ ಬಾಯಿಗೆ ಬಂದ. ಒಂದು ಕಾಲು ಗುಂಡಿಯ ಅಂಚಿನಲ್ಲಿತ್ತು, ಇನ್ನೊಂದನ್ನು ಕೆಳಗೆ ಬಿಡಬೇಕು. ಬಿಡಲಾರದೆ ಅವನು ಹಾಗೇ ನಿಂತಿದ್ದ.

"ಅದೇನು ಹೆರಿಗೆ ನೋವೇನೋ? ಇಳಿಯೋ," ಅಂದ ಯಜಮಾನ.

ಕುಳ್ಳಿ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಳು. ಹಿಮ್ಮಡಿ ಮಣ್ಣಿಗೆ ಊರಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಹಿಂದಕ್ಕೆಳೆದಳು. ಮೈದುನ ದೊಪ್ಪನೆ ಅಂಗಾತ ಬಿದ್ದ. ಅವಳು ಅವನ ಪಕ್ಕ ಕುಕ್ಕರಿಸಿ ಸೊಂಟದ ಗಂಟು ಬಿಚ್ಚತೊಡಗಿದಳು. ಗಂಟು ಬೆರಳಿಗೆ ಬಗ್ಗದಿದ್ದಾಗ ಹಲ್ಲಲ್ಲಿ ಕಚ್ಚಿ ಬಿಚ್ಚಿದಳು.

"ಏಳೋ. ಮನೆಗೆ ನಡಿ."

"ಏನೇ ಇದು ನಾಟಕ?"

"ಅವನು ಇಳಿಯಲ್ಲ."

"ಜೈಲಿಗೆ ಹಾಕಿಸ್ತೀನಿ ಇಬ್ರನ್ನೂ."

"ಹಾಕಿಸಿ. ಪೊಲೀಸರನ್ನ ಇಲ್ಲಿಗೇ ಕರೀರಿ, ಈ ಗುಂಡಿ ಹತ್ರಕ್ಕೆ. ನಾವು ಮನೇಲಿರ್ತೀವಿ."

"ನೋಡಮ್ಮಾ, ಕೋಪದಲ್ಲಿ ದುಡುಕಬೇಡ," ಅಂದರು ಮೇಷ್ಟ್ರು ಕರವಸ್ತ್ರದೊಳಗಿಂದ. "ಬೇಕಾದ್ರೆ ನಾನೇ ಸ್ವಲ್ಪ ಜಾಸ್ತಿ ಕೊಡಿಸ್ತೀನಿ."

"ನೀವೇ ಇಳೀರಿ ಮೇಷ್ಟ್ರೇ. ಹಗ್ಗ ನಾನು ಹಿಡ್ಕೋತೀನಿ."

ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಕುಳ್ಳಿ ಹಗ್ಗವನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡಳು, ಮೈದುನನ ರಟ್ಟೆ ಹಿಡಿದು ಎಬ್ಬಿಸಿದಳು, ಮನೆಯ ಪಕ್ಕದ ಓಣಿಯಲ್ಲಿ ಗೇಟಿನ ಕಡೆ ನಡೆದಳು.

"ಮುಚ್ಚಳ ಹಾಕಿ ಹೋಗ್ರೋ, ಬೇವರ್ಸಿಗಳಾ. ಮುಚ್ಚಳ ಹಾಕಿ ಹೋಗ್ರೋ."

ಅವಳು ತಿರುಗಿ ನೋಡಲಿಲ್ಲ. ಗೇಟು ದಾಟಿದ ಮೇಲೆ ಮೈದುನ ಗೋಡೆಗೆ ಕೈಯೂರಿ, ಕುಡಿದದ್ದನ್ನೆಲ್ಲ ಕಾರಿಕೊಂಡ. ಕುಳ್ಳಿ ಅವನ ಹಣೆ ಹಿಡಿದುಕೊಂಡು ನಿಂತಳು. ನಾಳೆ ಒಲೆ ಹೇಗೆ ಹೊತ್ತಬೇಕು, ಪೊಲೀಸರು ಸಂಜೆಯೇ ಬರುತ್ತಾರೋ ಬೆಳಗ್ಗೆಯೋ, ಅವಳಿಗೆ ಯಾವುದೂ ಗೊತ್ತಿರಲಿಲ್ಲ. ಹಿತ್ತಲಲ್ಲಿ ಹಾರೆ ಕಲ್ಲಿಗೆ ತಗುಲಿದ ಸದ್ದಾಯಿತು, ಮತ್ತೆ ಕೈಜಾರಿ ಬಿದ್ದ ಸದ್ದಾಯಿತು. "ನೀವು ಹಿಡೀರಿ", "ನೀವೇ ಹಿಡೀರಿ" ಎಂದು ಯಾರೋ ಯಾರನ್ನೋ ಗದರುತ್ತಿದ್ದರು. ಒಳಗಿನಿಂದ ಹೆಂಗಸೊಬ್ಬಳು ಕಿಟಕಿ ಹಾಕಿ, ಕಿಟಕಿ ಹಾಕಿ ಎಂದು ಕೂಗುತ್ತಲೇ ಇದ್ದಳು. ನಾತ ಗೋಡೆ ದಾಟಿ ಬೀದಿಗೆ ಬರತೊಡಗಿತ್ತು.