ಟ್ಯಾಂಕಿನ ಮುಚ್ಚಳ

ಕಿಡ್ನಿ ಕೊಟ್ಟವರು ಕೊಟ್ಟದ್ದನ್ನು ಮರೆತುಬಿಡಬೇಕು ಎಂದು ಯಾವ ಆಸ್ಪತ್ರೆಯೂ ಬರೆಸಿಕೊಳ್ಳುವುದಿಲ್ಲ. ಬರೆಸಿಕೊಂಡಿದ್ದರೆ ಅವಳ ಸಂಸಾರ ಒಂದಿಷ್ಟು ನೆಮ್ಮದಿಯಾಗಿ ಉಸಿರಾಡುತ್ತಿತ್ತು. ಅವಳ ಗಂಡನಿಗೆ ಕಿಡ್ನಿ ಕೊಟ್ಟದ್ದು ಅವನ ಅಕ್ಕ. ಎರಡು ವರ್ಷವಾದರೂ ಆ ಮಹಾತಾಯಿ ಕೊಟ್ಟ ವಸ್ತುವಿನ ಮೇಲಿನ ಹಕ್ಕನ್ನು ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಬಂದು ಅದರ ಯೋಗಕ್ಷೇಮ ವಿಚಾರಿಸಿಕೊಂಡು ಹೋಗುತ್ತಿದ್ದಳು.

"ಅವನ ಹೊಟ್ಟೇಲಿರೋದು ನನ್ನದು. ಅದಕ್ಕೆ ಎಂಥ ನೀರು ಹೋಗ್ತಿದೆ ಅಂತ ನಾನು ನೋಡಲೇಬೇಕು," ಎನ್ನುತ್ತಿದ್ದಳು ಅತ್ತಿಗೆ.

ನೀರು ಶುದ್ಧಿ ಮಾಡುವ ಯಂತ್ರ ಕೊಳ್ಳುವಾಗಲೇ ಇಬ್ಬರಿಗೂ ಜಟಾಪಟಿಯಾಗಿತ್ತು. ಅವಳು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವಳು. ಸಣ್ಣ ಅಕ್ಷರವನ್ನೂ ಬಿಡದೆ ಓದುವುದೇ ಅವಳ ಹೊಟ್ಟೆಪಾಡು. ನಾಲ್ಕು ಕಂಪನಿಗಳ ಕೈಪಿಡಿ ಓದಿ, ನಲ್ಲಿಯ ನೀರನ್ನು ಪರೀಕ್ಷೆಗೆ ಕೊಟ್ಟು, ಅದರಲ್ಲಿ ಲವಣ ಕಡಿಮೆಯೇ ಇದೆ ಎಂದು ಗೊತ್ತುಮಾಡಿಕೊಂಡಿದ್ದಳು. ತಮಗೆ ಬೇಕಾದದ್ದು ಕ್ರಿಮಿ ಕೊಲ್ಲುವ ದೀಪವಿರುವ ಯಂತ್ರ, ಅದೂ ನೀರು ಎಲ್ಲೂ ನಿಲ್ಲದೆ ನೇರವಾಗಿ ಲೋಟಕ್ಕೆ ಬೀಳುವಂಥದ್ದು ಎಂದು ತೀರ್ಮಾನಿಸಿದ್ದಳು. ಅಷ್ಟರಲ್ಲಿ ಅತ್ತಿಗೆ ಏಳು ಲೀಟರಿನ ಟ್ಯಾಂಕಿರುವ, ಲವಣ ತೆಗೆಯುವ ಆರ್‌ಒ ಯಂತ್ರವನ್ನು ತರಿಸಿ ಅಡುಗೆಮನೆಯ ಗೋಡೆಗೆ ಹೊಡೆಸಿಯಾಗಿತ್ತು.

"ನೀನು ಓದಿದ್ದೆಲ್ಲ ಇರಲಿ. ಅವನಿಗೆ ನೀನು ಕೊಟ್ಟಿದ್ದೇನು ಅಂತ ಹೇಳು, ಆಮೇಲೆ ಮಾತಾಡು."

ಅವಳ ರಕ್ತ ಗಂಡನಿಗೆ ಹೊಂದಿರಲಿಲ್ಲ, ಅಷ್ಟೇ. ಹೊಂದದ ಆ ರಕ್ತ ಅತ್ತಿಗೆಯ ಚಪ್ಪಲಿ ಸದ್ದು ಕೇಳಿದರೂ ಕುದಿಯುತ್ತಿತ್ತು.

ಅತ್ತಿಗೆಯ ಕೈಚೀಲದಲ್ಲಿ ಪೆನ್ನಿನಷ್ಟುದ್ದದ ಒಂದು ಮೀಟರು. ನೀರಿಗೆ ಅದ್ದಿದರೆ ಎಷ್ಟು ಲವಣ ಕರಗಿದೆಯೆಂದು ಅಂಕಿ ತೋರಿಸುತ್ತದೆ. ಕ್ರಿಮಿಯ ಸುದ್ದಿ ಅದಕ್ಕೆ ಗೊತ್ತಾಗುವುದಿಲ್ಲ. ಸ್ಕೂಲಿನ ಹೆಡ್ ಮೇಡಂ ಆಗಿದ್ದವಳಲ್ಲವೆ, ಅಂಕಿ ಕಂಡರೆ ಸಾಕು, ಪಾಸೋ ಫೇಲೋ ಹೇಳಿಬಿಡುತ್ತಿದ್ದಳು. ಗೆಳತಿಯರ ಮನೆಯ ನಲ್ಲಿ, ಮಹಡಿಯ ಮೇಲಿನ ತೊಟ್ಟಿ, ದಂತವೈದ್ಯರ ಕೋಣೆಯಲ್ಲಿದ್ದ ಮೀನಿನ ಗಾಜುಪೆಟ್ಟಿಗೆ, ಯಾವುದನ್ನೂ ಬಿಟ್ಟವಳಲ್ಲ. ಅದೇ ಮೀಟರನ್ನು ಸೆರಗಿಗೆ ಒರೆಸಿ ಇಲ್ಲಿಗೂ ತರುತ್ತಿದ್ದಳು. ಅತ್ತಿಗೆಗೆ ಮೀಟರಮ್ಮ ಎಂದು ಹೆಸರಿಟ್ಟು ಅವಳು ಒಳಗೊಳಗೇ ನಗುತ್ತಿದ್ದಳು.

ಯಂತ್ರ ಬಂದ ಮೊದಲ ಭಾನುವಾರ ಅವಳು ಲೋಟಕ್ಕೆ ನೀರು ಹಿಡಿದು ಮುಂದೆ ಚಾಚಿದಳು.

"ಲೋಟ ಬೇಡ. ಅಂಗಡಿ ಬಾಟಲಿ ನೀರು ಸುರಿದು ಇಟ್ಟಿದ್ರೆ ನನಗೇನು ಗೊತ್ತಾಗುತ್ತೆ?" ಎಂದ ಅತ್ತಿಗೆ ಸ್ಟೂಲು ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಮೀಟರನ್ನು ನೇರವಾಗಿ ಒಳಗೆ ಅದ್ದಿದಳು. ಬೆರಳುಗಳೂ ಮುಳುಗಿದವು. "ಇಪ್ಪತ್ತೆರಡು. ಪರವಾಗಿಲ್ಲ."

ಟ್ಯಾಂಕಿನೊಳಗೆ ಏನನ್ನೂ ಅದ್ದಬಾರದು ಎಂದು ಕೈಪಿಡಿಯ ಹದಿನಾಲ್ಕನೆಯ ಪುಟದಲ್ಲಿತ್ತು. ಅವಳು ಓದಿದ್ದಳು. ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಹೇಳಿದರೆ ಮತ್ತೆ ಅದೇ ಪ್ರಶ್ನೆ, ನೀನು ಕೊಟ್ಟಿದ್ದೇನು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಒಂದು ಬಗೆಯ ಖುಷಿಯೇ ಆಗಿತ್ತು. ಎಲ್ಲ ಬಲ್ಲವಳ ತಪ್ಪೊಂದು ಈಗ ತನ್ನ ಕೈಯಲ್ಲಿತ್ತು. ಒಂದು ದಿನ ಎಲ್ಲರೆದುರು ಇದನ್ನು ತೆಗೆದು ಮುಖಕ್ಕೆ ಹಿಡಿಯಬೇಕು ಎಂದುಕೊಂಡಳು. ಭಾನುವಾರಗಳು ಕಳೆದವು, ಪ್ರತಿ ಸಲವೂ ಮೀಟರು ಟ್ಯಾಂಕಿಗೆ ಇಳಿಯಿತು, ಯಾರಿಗೂ ಏನೂ ಆಗಲಿಲ್ಲ. ಆಗುವುದೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಮಳೆಗಾಲ ಶುರುವಾದ ವಾರ ಗಂಡನಿಗೆ ವಾಂತಿ ಭೇದಿ ಹಿಡಿದು, ಜ್ವರ ಏರಿತು. ಆಸ್ಪತ್ರೆಯಲ್ಲಿ ಡಾಕ್ಟರು ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು. "ಕಿಡ್ನಿ ಹೊಂದಿಕೊಳ್ಳೋಕೆ ತಗೊಳ್ಳೋ ಮಾತ್ರೆಯಿಂದ ಇವರಿಗೆ ರೋಗ ತಡೆಯೋ ಶಕ್ತಿ ಇಲ್ಲ ಅಂತ ಗೊತ್ತಲ್ಲ. ಕಿಡ್ನಿಗೂ ಪೆಟ್ಟಾಗಿದೆ, ಉಳಿಯುತ್ತೋ ಇಲ್ಲವೋ ಎರಡು ದಿನ ಕಾದು ನೋಡಬೇಕು. ಮನೆ ನೀರು ಪರೀಕ್ಷೆ ಮಾಡಿಸಿ."

ಯಂತ್ರದ ಮೆಕ್ಯಾನಿಕ್ ಬಂದು, ಕ್ರಿಮಿಯಿದ್ದರೆ ನೀರು ಕಪ್ಪಗಾಗುವ ಔಷಧಿ ಹಾಕಿದ ಎರಡು ಪುಟ್ಟ ಬಾಟಲಿಗಳಲ್ಲಿ ನೀರು ತುಂಬಿಟ್ಟ. ಒಂದು, ಟ್ಯಾಂಕಿಗೆ ಬೀಳುವ ಮುನ್ನ ಕೊಳವೆಯಿಂದ ಹಿಡಿದದ್ದು. ಇನ್ನೊಂದು ಟ್ಯಾಂಕಿನದು. ಮಾರನೆಯ ದಿನ ಅವನು ಬಂದು ನೋಡಿದಾಗ ಮೊದಲನೆಯದು ಹಾಗೇ ಇತ್ತು. ಎರಡನೆಯದು ಕಪ್ಪಗಾಗಿತ್ತು.

"ಯಂತ್ರದ್ದೇನೂ ತಪ್ಪಿಲ್ಲಮ್ಮ. ಕೊಳೆ ಮೇಲಿಂದ ಬಿದ್ದಿದೆ. ಈ ಮುಚ್ಚಳ ಯಾರು ತೆಗೀತಾರೆ?"

ಅವಳು ಕಪ್ಪು ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಗಂಡನ ಜೀವ ಉಳಿಯುತ್ತದೋ ಇಲ್ಲವೋ ಎಂಬ ಭಯ ಎದೆಯಲ್ಲಿತ್ತು, ನಿಜ. ಆದರೆ ಕಾಲುಗಳಿಗೆ ಆ ಓಟ ಬಂದದ್ದು ಭಯದಿಂದಲ್ಲ.

ಅತ್ತಿಗೆ ಮಂಚದ ಬಳಿ ಕುಳಿತು ತಮ್ಮನ ಕಾಲು ಒತ್ತುತ್ತಿದ್ದಳು.

"ನೋಡಿ ಅತ್ತಿಗೆ, ನಿಮ್ಮ ಇಪ್ಪತ್ತೆರಡು," ಎಂದು ಅವಳು ಬಾಟಲಿಯನ್ನು ಆಕೆಯ ಮಡಿಲಿಗೆ ಹಾಕಿದಳು. "ಊರಿನ ತೊಟ್ಟಿಗೆಲ್ಲ ಅದ್ದಿದ ಮೀಟರು ತಂದು ಟ್ಯಾಂಕಿಗೆ ಅದ್ದಿದ್ದು ನೀವು. ಅದ್ದಬಾರದು ಅಂತ ಪುಸ್ತಕದಲ್ಲೇ ಬರೆದಿದೆ. ನೀವು ಕೊಟ್ಟಿದ್ದನ್ನ ನೀವೇ ಹಾಳು ಮಾಡಿದ್ರಿ."

ಅತ್ತಿಗೆಯ ಮುಖದ ಬಣ್ಣ ಇಳಿದುಹೋಯಿತು. ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇಷ್ಟು ದಿನ ಕಾದಿದ್ದ ಗಳಿಗೆ ಕೈಗೆ ಬಂದಿತ್ತು, ಬಾಟಲಿ ತಂದವಳಿಗೆ ಹೊಟ್ಟೆ ತಣ್ಣಗಾಯಿತು. ಆ ತಂಪು ಅರೆಗಳಿಗೆಯೂ ನಿಲ್ಲಲಿಲ್ಲ.

"ಪುಸ್ತಕದಲ್ಲಿ ಇರೋದು ನಿನಗೆ ಯಾವಾಗ ಗೊತ್ತಾಯ್ತು?" ಎಂದು ಅತ್ತಿಗೆ ಮೆಲ್ಲಗೆ ಕೇಳಿದಳು.

"ಮೊದಲೇ. ಹೇಳಿದ್ರೆ ನೀವು ಕೇಳ್ತಿದ್ರಾ?"

"ನಾನು ಕೇಳ್ತಿರಲಿಲ್ಲ. ಅವನಿಗೆ ಹೇಳಬಹುದಿತ್ತು. ನಾನು ಹೋದಮೇಲೆ ಟ್ಯಾಂಕು ತೊಳೀಬಹುದಿತ್ತು. ನೀನು ಅದೇ ನೀರು ಅವನಿಗೆ ಕುಡಿಸಿದೆ."

ಅವಳು ತಿರುಗಿ ನೋಡಿದರೆ ಗಂಡ ಕಣ್ಣು ಬಿಟ್ಟುಕೊಂಡಿದ್ದ. ಯಾವಾಗಿನಿಂದಲೋ ಕೇಳಿಸಿಕೊಂಡಿದ್ದ. ಒಡೆದ ತುಟಿ ಸವರಿಕೊಂಡು "ನೀರು" ಎಂದ.

ಇಬ್ಬರೂ ಒಟ್ಟಿಗೆ ಎದ್ದರು. ಅಕ್ಕನ ಕೈಯಲ್ಲಿ ಫ್ಲಾಸ್ಕು, ಹೆಂಡತಿಯ ಕೈಯಲ್ಲಿ ಲೋಟ. ಅವನು ಇಬ್ಬರ ಮುಖವನ್ನೂ ನೋಡದೆ ಬಾಗಿಲ ಬಳಿ ಹೋಗುತ್ತಿದ್ದ ನರ್ಸನ್ನು ಕರೆದ.

"ನೀವು ಸ್ವಲ್ಪ ನೀರು ಕೊಡ್ತೀರಾ? ಇವರ ಕೈಯಿಂದ ಬೇಡ."