ಹೂವಿನ ಕೆಳಗಿನ ಗಂಟು

ನಮ್ಮ ಕಡೆ ಹೊಸ ಹಗ್ಗ ಮನೆಗೆ ಬಂದರೆ ಮೊದಲು ಎತ್ತಿಗೆ. ಎತ್ತು ಎರಡು ವರ್ಷ ಜಗ್ಗಿದ ಮೇಲೆ ಅದೇ ಹಗ್ಗ ಕರುವಿಗೆ. ಕರುವೂ ಕಿತ್ತುಕೊಂಡು ಓಡಿತು ಅಂದರೆ ಬಟ್ಟೆ ಒಣಹಾಕುವುದಕ್ಕೆ. ಲೋಕಪ್ಪನ ಮನೆಯಲ್ಲಿ ಮಾತ್ರ ಕರು ಕಿತ್ತ ಹಗ್ಗ ದೋಣಿಗೆ ಹೋಗುತ್ತಿತ್ತು.

ಲೋಕಪ್ಪನ ದೋಣಿ ಇದ್ದದ್ದು ಊರ ದೊಡ್ಡ ಕೆರೆಯಲ್ಲಿ. ಈ ದಡ ಶಿಕಾರಿಪುರ ತಾಲ್ಲೂಕು, ಆ ದಡ ಸೊರಬ ತಾಲ್ಲೂಕು. ನಡುವಿನ ನೀರು ಯಾರಿಗೆ ಸೇರಿದ್ದು ಎಂದು ಕೇಳಿದರೆ ಶಾನುಭೋಗರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ದೋಣಿಗೆ ಎತ್ತರದ ಬಿದಿರಿನ ಕಂಬ, ಗೋಣಿತಟ್ಟು ಹೊಲಿದು ಮಾಡಿದ ಹಾಯಿ. ಕಂಬದ ತುದಿಯಲ್ಲಿ ಒಂದೇ ಗಂಟು ಹಾಕಿ ಮೂರು ಹಗ್ಗ ಇಳಿಬಿಟ್ಟಿದ್ದ. ಒಂದು ದೋಣಿಯ ಮೂತಿಗೆ, ಎರಡು ಅಕ್ಕಪಕ್ಕಕ್ಕೆ. ಗಾಳಿ ಬೀಸಿದಾಗ ಕಂಬ ನಿಲ್ಲುವುದು ಈ ಹಗ್ಗಗಳಿಂದಲೇ. ಇದನ್ನು ಲೋಕಪ್ಪ ಮರೆತಿದ್ದ, ನೀವು ಮರೆಯಬೇಡಿ.

ಐವತ್ತೆಂಟನೆಯ ಇಸವಿಯ ಆಯುಧಪೂಜೆಯ ದಿನ. ಲೋಕಪ್ಪ ಹೊಸ ಪಂಚೆ ಉಟ್ಟು, ಕಂಬಕ್ಕೆ ವಿಭೂತಿ ಬಳಿದು, ಚೆಂಡುಹೂವಿನ ಸರವನ್ನು ಉದ್ದನೆಯ ದೋಟಿಕೋಲಿನ ತುದಿಗೆ ಸಿಕ್ಕಿಸಿ ಮೇಲಿನ ಗಂಟಿಗೆ ಹಾಕುತ್ತಿದ್ದ. ಹಿಂದಿನ ಮೂರು ವರ್ಷದ ಸರಗಳೂ ಅಲ್ಲೇ ಇದ್ದವು. ಮರುದಿನ ಬೆಳಿಗ್ಗೆ ಆ ದಡದಿಂದ ಮಗಳು ನೀಲಾಂಬಿಕಳನ್ನು ಕರೆತರಬೇಕಿತ್ತು. ಅವಳು ಏಳು ತಿಂಗಳ ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಿದ್ದಳು.

ಅಷ್ಟು ಹೊತ್ತಿಗೆ ಹುಲಿಯಮ್ಮ ಬಂದಳು. ಪುಂಡಿನಾರಿನ ಹಗ್ಗ ಹೊಸೆಯುವುದರಲ್ಲಿ ಸುತ್ತ ಹತ್ತೂರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳ ಗಂಡ ಹೊನ್ನಾವರದಲ್ಲಿ ಹಾಯಿದೋಣಿ ನಡೆಸುತ್ತಿದ್ದವನು, ಹೀಗಾಗಿ ದೋಣಿಯ ವಿಷಯವೂ ಅವಳಿಗೆ ಗೊತ್ತು.

"ಲೋಕಪ್ಪಾರೆ, ಆ ಹೂವಿನ ಕೆಳಗೆ ಏನೈತಿ?"

"ಗಂಟು."

"ಗುಡವಿ ಕೆರೆ ಹಕ್ಕಿ ಬಂದು ಗೂಡು ಕಟ್ಟೈತೇನೋ ಅಂದ್ಕೊಂಡೆ. ಬಿಚ್ಚಿ ನೋಡಿ ಎಷ್ಟು ದಿನ ಆತು?"

"ಪೂಜೆ ಆದ ಗಂಟು ಬಿಚ್ಚಬಾರ್ದು ಹುಲಿಯವ್ವ. ಮೂರು ವರ್ಷದಿಂದ ಅಲ್ಲಾಡಿಲ್ಲ. ದೇವ್ರು ಹಿಡ್ಕೊಂಡಾನೆ."

"ದೇವ್ರಿಗೆ ಬ್ಯಾರೆ ಕೆಲಸಾನೂ ಇರ್ತೈತಿ. ಎತ್ತಿಗೆ ಪೂಜೆ ಮಾಡೋಕೆ ಮೊದ್ಲು ಏನು ಮಾಡ್ತೀರಿ?"

"ಮೈ ತೊಳೀತೀನಿ. ಹೆಗಲು ಮುಟ್ಟಿ ನೋಡ್ತೀನಿ. ನೊಗ ಉಜ್ಜಿ ಗಾಯ ಆಗಿರ್ತೈತಿ."

"ಹಗ್ಗಕ್ಕೂ ಹಂಗೇ. ಮರ ಉಜ್ಜಿ ಗಾಯ ಆಗ್ತೈತಿ. ಹೂವು ನೆಂದು ನೆಂದು ಹಗ್ಗ ಒಳಗೇ ಕೊಳೀತೈತಿ. ಮ್ಯಾಲಿಂದ ಕಾಣಂಗಿಲ್ಲ."

"ನಿನ್ನ ಹಗ್ಗ ಖರ್ಚಾಗ್ಬೇಕು, ಅದ್ಕೇ ಹಿಂಗಂತೀಯ," ಅಂದ ಲೋಕಪ್ಪ.

ಹೆಂಡತಿ ಜಗದಾಂಬ ಮಂಡಕ್ಕಿಯ ತಟ್ಟೆ ಹಿಡಿದು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಅಷ್ಟು ಗಟ್ಟಿ ಇದ್ರೆ ನೀವೊಬ್ರೇ ಕೂತು ತೋರಿಸ್ರಿ. ಇಲ್ಲೇ ಮೊಣಕಾಲುದ್ದ ನೀರಾಗೆ. ಆಮ್ಯಾಲೆ ಮಗಳ್ನ ಕೂರಿಸೋಣಂತೆ."

ಲೋಕಪ್ಪ ಬೂದುಗುಂಬಳಕಾಯಿಯನ್ನು ಮುಂದಿಟ್ಟುಕೊಂಡು ಗತ್ತಿನಿಂದ ಹಿಂಬದಿಗೆ ಕೂತ. ಹಾಯಿ ಏರಿಸಿದ. ಗಾಳಿ ಹೇಳಿಕೊಳ್ಳುವಷ್ಟೇನೂ ಇರಲಿಲ್ಲ. ಹಾಯಿ ಉಬ್ಬಿತು, ಮೇಲೆಲ್ಲೋ ಪಟ್ ಅಂದಿತು. ಮೂರು ಹಗ್ಗವನ್ನೂ ಒಂದೇ ಗಂಟಿಗೆ ಬಿಗಿದಿದ್ದನಲ್ಲ, ಮೂರೂ ಒಟ್ಟಿಗೇ ಕಳಚಿದವು. ಕಂಬ ಅಡ್ಡಡ್ಡ ಬಿತ್ತು, ದೋಣಿ ವಾಲಿತು, ಲೋಕಪ್ಪ ಗೋಣಿತಟ್ಟಿನ ಸಮೇತ ನೀರಿಗೆ ಹೋದ. ಮೇಲೆದ್ದಾಗ ನಾಲ್ಕು ವರ್ಷದ ಚೆಂಡುಹೂವು ಅವನ ಕೊರಳಲ್ಲಿತ್ತು. ಕುಂಬಳಕಾಯಿ ತೇಲಿಕೊಂಡು ಸೊರಬ ತಾಲ್ಲೂಕಿನ ಕಡೆ ಹೊರಟಿತ್ತು.

"ಪೂಜೆ ನಿಮಗೇ ಆತಲ್ರೀ," ಎಂದು ಜಗದಾಂಬ ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣು ದೋಣಿಯ ನಡುವಿನ ಹಲಗೆಗೆ ಹೋಯಿತು. ಕಂಬ ಬಿದ್ದ ಪೆಟ್ಟಿಗೆ ಅದು ಎರಡು ತುಂಡಾಗಿತ್ತು.

"ನಾಳೆ ನೀಲಾ ಕೂರೋದು ಅಲ್ಲೇ ಅಲ್ಲೇನ್ರಿ?"

ಲೋಕಪ್ಪ ತುಂಡಾದ ಹಲಗೆಯನ್ನು ಮುಟ್ಟಿ ನೋಡಿದ. ಅವನಿಗೆ ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಹುಲಿಯಮ್ಮ ಹರಿದ ಹಗ್ಗವನ್ನು ಹೊಸೆದ ದಿಕ್ಕಿಗೆ ವಿರುದ್ಧವಾಗಿ ತಿರುವಿ ಎಳೆ ಬಿಡಿಸಿದಳು. ಒಳಗಿಂದ ಕಂದು ಪುಡಿ ಉದುರಿತು. "ನೋಡ್ರಿ, ಹೊರಗೆ ಹಗ್ಗ, ಒಳಗೆ ನಶ್ಯ. ಹಿಂಗೆ ಎಳೆ ಬಿಡಿಸಿ ನೋಡ್ಬೇಕು. ಮರಕ್ಕೆ ಉಜ್ಜೋ ಕಡೆ ನೋಡ್ಬೇಕು. ಹಗ್ಗ ಕಟ್ಟೋ ಈ ಕಬ್ಬಿಣದ ಬಳೆ ನೋಡ್ರಿ, ಉಗುರಲ್ಲಿ ಕೆರೆದ್ರೆ ತುಕ್ಕು ಹೊಪ್ಪಳೆ ಹೊಪ್ಪಳೆಯಾಗಿ ಬರ್ತೈತಿ. ಕಂಬದ ಬುಡದಾಗೆ ಸೀಳು ಐತೇನು ಅಂತ ತಟ್ಟಿ ನೋಡ್ರಿ. ಒಂದು ಹಗ್ಗ ಕೊಳೆತಿದ್ರೆ ಅದರ ಜತೆ ಕಟ್ಟಿದ ಮಿಕ್ಕೆರಡನ್ನೂ ನಂಬಬ್ಯಾಡ್ರಿ. ಮೂರಕ್ಕೂ ಬ್ಯಾರೆ ಬ್ಯಾರೆ ಗಂಟು ಹಾಕ್ರಿ."

ಒದ್ದೆ ಪಂಚೆಯಲ್ಲೇ ನಿಂತು ಎಲ್ಲ ಕೇಳಿದ ಲೋಕಪ್ಪ ಹೆಂಡತಿಯ ಕಡೆ ತಿರುಗಿದ. "ಕೊಟ್ಟಿಗೇಲಿ ಹೊಸ ಹಗ್ಗ ಐತಲ್ಲ, ತಗಂಡು ಬಾ."

"ಅದು ಎತ್ತಿಗೆ ಅಂತ ಇಟ್ಟಿದ್ದಲ್ರೀ."

"ಎತ್ತಿನ ಹಗ್ಗ ಹರಿದ್ರೆ ಎತ್ತು ತಾನಾಗೇ ಮನೆಗೆ ಬರ್ತೈತಿ. ಇದು ಹರಿದ್ರೆ ಮಗಳು ಬರಂಗಿಲ್ಲ."

ಜಗದಾಂಬ ಕೊಟ್ಟಿಗೆಗೆ ನಡೆದಳು. ಸಂಜೆಯೊಳಗೆ ಹೊಸ ಹಗ್ಗ, ಹೊಸ ಬಳೆ, ಹೊಸ ಹಲಗೆ ಎಲ್ಲ ಆಯಿತು. ಕಂಬ ನಿಲ್ಲಿಸಿ, ದಂಡೆಯ ಹತ್ತಿರವೇ ಖಾಲಿ ದೋಣಿಯಲ್ಲಿ ಒಂದು ಸುತ್ತು ಹೋಗಿಬಂದು, ಆಮೇಲೆ ಪೂಜೆ ಮಾಡಿದರು.

ಮರುದಿನ ನಡುಗೆರೆಯಲ್ಲಿ ಗಾಳಿ ಹಿಂದಿನ ದಿನಕ್ಕಿಂತ ಜೋರಾಗಿತ್ತು. ಹಗ್ಗಗಳು ಕಿರ್ ಅಂದವು, ಕಂಬ ಅಲ್ಲಾಡಲಿಲ್ಲ. ಆದರೂ ಲೋಕಪ್ಪ ಹಾಯಿಯನ್ನು ಅರ್ಧಕ್ಕೆ ಇಳಿಸಿದ.

ನೀಲಾಂಬಿಕ ತಲೆಯೆತ್ತಿ ನೋಡಿದಳು. "ಅಪ್ಪಾ, ಈ ಸಲ ಮ್ಯಾಲೆ ಹೂವು ಹಾಕಿಲ್ಲಲ್ಲ?"

"ಬುಡದಾಗೆ ಐತಿ ನೋಡವ್ವ. ಮ್ಯಾಲೆ ಗಂಟು ಕಾಣ್ಬೇಕು."

ದೋಣಿ ನಡೆಸುವವರಿಗೆಂದೇ ಬರೆದ ಈ ಕಾಗದ ಓದುತ್ತಿರುವ, ಓದಿಸಿ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮಳೆಗಾಲ ಕಳೆದು ಹಾಯಿ ಏರಿಸುವ ಮುಂಚೆ ಒಮ್ಮೆ ಕಂಬ ಇಳಿಸಿ. ಗಂಟು ಬಿಚ್ಚಿ, ಹಗ್ಗದ ಒಳಗೆ ನೋಡಿ. ಸಂಶಯ ಬಂದರೆ ಬದಲಾಯಿಸಿ. ದೇವರಿಗೆ ಹೂವು ಏರಿಸುವುದು ಇದೆಲ್ಲ ಆದ ಮೇಲೆ. ನಿಮ್ಮ ದೋಣಿಯ ನಡುವಿನ ಹಲಗೆಯ ಮೇಲೆ ನಾಳೆ ಕೂರುವವರು ಯಾರು ಎಂದು ನೆನೆದುಕೊಳ್ಳಿ. ಆಮೇಲೆ ಮನೆಯ ಹೊಸ ಹಗ್ಗ ಯಾವುದಕ್ಕೆ ಎಂಬುದನ್ನು ನೀವೇ ತೀರ್ಮಾನ ಮಾಡಿ.