ಸೊಣ್ಣಪ್ಪನ ಎಲೆ

ಮೂರನೇ ಸಲವೂ ಕೀಲಿಕೈ ಬೀಗದೊಳಗೆ ಹೋಗಲಿಲ್ಲ. ಭಾಗ್ಯಮ್ಮ ಅದನ್ನು ಸೆರಗಿಗೆ ಒರೆಸಿ ಮತ್ತೆ ತೂರಿಸಿದಳು.

“ಏನೇ ಭಾಗ್ಯ, ಟ್ರಂಕಿನೊಳಗೇ ಕೂತ್ಕಂಡ್ಬಿಟ್ಯಾ? ಎಣ ಕಾಯ್ತಾ ಐತೆ ಇಲ್ಲಿ. ಸೀರೆ ತಾರೇ!” ನಡುಮನೆಯಿಂದ ಅಂಜಿನಮ್ಮನ ಕೂಗು.

ಅಂಜಿನಮ್ಮ ಈ ಮನೆಯ ಗಂಡಸರಿಗೆ ಸೋದರತ್ತೆ. ಸರ್ಜಾಪುರದಿಂದ ಮೊದಲ ಬಸ್ಸಿಗೇ ಬಂದಿಳಿದು, ಬಂದ ಅರ್ಧ ಗಂಟೆಯಲ್ಲಿ ಸಾವಿನ ಮನೆಯ ಯಜಮಾನಿಕೆ ಹಿಡಿದುಬಿಟ್ಟಿದ್ದಳು. ಸತ್ತವಳು ವೆಂಕಟಲಕ್ಷ್ಮಿ, ಅಂಜಿನಮ್ಮನ ಅಣ್ಣನ ಹಿರಿಮಗ ಗೋಪಾಲಪ್ಪನ ಹೆಂಡತಿ. ಭಾಗ್ಯಮ್ಮನಿಗೆ ವಾರಗಿತ್ತಿ. ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನ ಈ ಎರಡು ಕೋಣೆಯ ಮನೆಯಲ್ಲಿ ಹನ್ನೊಂದು ವರ್ಷ ಭಾಗ್ಯಮ್ಮನನ್ನು ಒಡಹುಟ್ಟಿದ ತಂಗಿಯ ಹಾಗೆ ಇಟ್ಟುಕೊಂಡವಳು. ಕಾಮಾಲೆ ಮೂರು ತಿಂಗಳು ಹಿಂಡಿ ಹಿಪ್ಪೆ ಮಾಡಿ ನಿನ್ನೆ ಸಂಜೆ ಜೀವ ಒಯ್ದಿತ್ತು. ಮುತ್ತೈದೆ ಸಾವು. ಧಾರೆ ಸೀರೆ ಉಡಿಸಿ ಕಳಿಸಬೇಕು.

ಬೀಗ ಬಿಟ್ಟುಕೊಂಡಿತು. ಮೇಲೇ ಇತ್ತು ಧಾರೆ ಸೀರೆ. ಅದರ ಅಡಿಯಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿದ ಒಂದು ಗಂಟು. ಬೆಳಗಿನಿಂದ ಭಾಗ್ಯಮ್ಮ ಹೆದರಿದ್ದು ಹೆಣಕ್ಕಲ್ಲ, ಇದಕ್ಕೆ. ಯಾರ ಕಣ್ಣಿಗೂ ಬೀಳುವ ಮೊದಲು ಒಂದು ಸಲ ಬಿಚ್ಚಿ ನೋಡಿಬಿಡೋಣ ಎಂದು ಗಂಟಿಗೆ ಕೈ ಹಾಕಿದಳು.

“ಆ ಬಟ್ಟೇನೂ ತಗೊಂಡ್ಬಾಮ್ಮ.” ಬಾಗಿಲಲ್ಲಿ ಗೋಪಾಲಪ್ಪ ನಿಂತಿದ್ದ. ಅತ್ತು ಅತ್ತು ಕಣ್ಣು ಊದಿದ್ದವು. “ಆರು ವರ್ಷ ಕಣ್ಣು ಕಳ್ಕೊಂಡು ಹೊಲಿದವ್ಳೆ. ಜನ ಒಂದ್ಸಲ ನೋಡ್ಲಿ.”

“ಈಗ ಯಾಕೆ ಭಾವ? ಈ ಗದ್ದಲದಲ್ಲಿ ಕೊಳೆ ಆಗುತ್ತೆ. ಹನ್ನೊಂದನೇ ದಿನ ತೆಗೆಯೋಣ.”

“ಅತ್ತೇನೂ ಕೇಳ್ತವ್ರೆ ಕಣಮ್ಮ.”

ಅತ್ತೆ ಕೇಳ್ತವ್ರೆ! ಕೇಳದೆ ಬಿಡುತ್ತಾಳೆಯೇ? ಭಾಗ್ಯಮ್ಮ ಸೀರೆಯ ಮೇಲೆ ಗಂಟಿಟ್ಟುಕೊಂಡು ಎದ್ದಳು.

*

ಭಾಗ್ಯಮ್ಮನ ಗಂಡ ಸೊಣ್ಣಪ್ಪ ಗೋಪಾಲಪ್ಪನ ತಮ್ಮ. ಲಾರಿ ಡ್ರೈವರು. ಮದುವೆಯಾದ ವರ್ಷದೊಳಗೆ, ಎಪ್ಪತ್ತರ ಕಾರ್ತೀಕದಲ್ಲಿ, “ನಾಲ್ಕು ದಿನಕ್ಕೆ ಬಂದ್ಬಿಡ್ತೀನಿ, ಅವರೆಕಾಯಿ ಬಂದಿದ್ರೆ ಇದುಕಿ ಇಟ್ಟಿರು” ಎಂದು ಲೋಡು ಹತ್ತಿಸಿಕೊಂಡು ಹೋದವನು ಹೋದ. ಲಾರಿ ಎಲ್ಲೋ ಸಿಕ್ಕಿತು, ಅವನು ಸಿಗಲಿಲ್ಲ. ಅಂದಿನಿಂದ ರಸ್ತೆಯಲ್ಲಿ ಲಾರಿ ಗೇರು ಬದಲಿಸಿದ ಸದ್ದು ಕೇಳಿದರೆ ಸಾಕು, ಭಾಗ್ಯಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆ ಎತ್ತುತ್ತಿದ್ದಳು. ಮೊದಮೊದಲು ಜನ ಅಯ್ಯೋ ಅಂದರು. ಆಮೇಲೆ ಅದೂ ಬಿಟ್ಟರು.

ಕ್ವಾರ್ಟರ್ಸಿನ ಮಹಿಳಾ ಸಮಾಜದಲ್ಲಿ ಹೊಲಿಗೆ ಕ್ಲಾಸು ಶುರುವಾದಾಗ ವೆಂಕಟಲಕ್ಷ್ಮಿ ಅವಳನ್ನು ದರದರ ಎಳೆದುಕೊಂಡು ಹೋದಳು. ಸತ್ಯವತಿ ಟೀಚರ್ ಚೌಕುಳಿ ನೇಯ್ಗೆಯ ಮ್ಯಾಟಿ ಬಟ್ಟೆಯ ಕಣ್ಣು ಎಣಿಸಿ ಕ್ರಾಸ್ ಸ್ಟಿಚ್ ಹಾಕುವುದನ್ನು ಹೇಳಿಕೊಟ್ಟರು. ಉಳಿದ ಹೆಂಗಸರು ಗಿಳಿ, ಗುಲಾಬಿ, ‘ಸುಸ್ವಾಗತ’ ಹೊಲಿದು ಗೋಡೆಗೆ ತೂಗುಹಾಕಿದರು. ವೆಂಕಟಲಕ್ಷ್ಮಿಯ ತಲೆಗೆ ಬೇರೆಯೇ ಹುಳ ಹೊಕ್ಕಿತು.

“ಗಿಳಿ ಯಾರ್ ಬೇಕಾದ್ರೂ ಹೊಲೀತಾರೆ ಕಣೇ. ನಾನು ನಮ್ಮನೆ ವಂಶದ ಮರ ಹೊಲೀತೀನಿ. ನೀನು ನನ್ ಜೊತೆ ಬಾ, ಹೆಸರು ಕೇಳ್ಕೊಂಡು ಬರೋಣ.”

ಆ ಭಾನುವಾರಗಳೇ ಭಾಗ್ಯಮ್ಮನಿಗೆ ಹಬ್ಬ. ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಇಬ್ಬರೂ ಗಂಡಂದಿರ ಹುಟ್ಟೂರು ದೊಡ್ಡನೆಕ್ಕುಂದಿಗೆ, ಸರ್ಜಾಪುರಕ್ಕೆ, ಇನ್ನೆಲ್ಲಿಗೋ ಹೋಗಿ, ಜಗಲಿಯ ಮೇಲಿನ ಮುದುಕರನ್ನು ಹಿಡಿದು ಕೂರಿಸಿಕೊಂಡು ಹೆಸರು ಕೇಳುವರು. ಇಬ್ಬರು ಸಾಕ್ಷಿ ಹೇಳದೆ ಒಂದು ಹೆಸರೂ ಬಟ್ಟೆಗೆ ಏರುವ ಹಾಗಿಲ್ಲ. ಇದು ವೆಂಕಟಲಕ್ಷ್ಮಿಯ ಕಾನೂನು. ಮುತ್ತಾತನ ಹೆಸರು ದೊಡ್ಡಮುನಿಯಪ್ಪ ಅಂತ ಒಬ್ಬ, ಅಲ್ಲ ಚಿಕ್ಕಬೈರಪ್ಪ ಅಂತ ಇನ್ನೊಬ್ಬ ಪಟ್ಟು ಹಿಡಿದು, ಆ ಇಬ್ಬರು ಮುದುಕರು ಒಂದು ವರ್ಷ ಮಾತು ಬಿಟ್ಟಿದ್ದೂ ಉಂಟು. “ಬಟ್ಟೇಲಿ ಸುಳ್ಳು ಇರ್ಬಾರ್ದು” ಎನ್ನುತ್ತಿದ್ದಳು ಮಹಾರಾಯಿತಿ, ಸುಳ್ಳು ಹೇಳಿ ಗಂಡನ ಜೇಬಿನಿಂದ ದಾರದ ದುಡ್ಡು ಎತ್ತುತ್ತಿದ್ದವಳು!

ಹೆಸರಿಗೊಂದು ಎಲೆ. ಬದುಕಿದವರದು ಹಸಿರು, ಹೋದವರದು ಹಳದಿ. ಯಾರಾದರೂ ತೀರಿಕೊಂಡರೆ, ಮಣ್ಣಾದ ದಿನವೇ ಮಿಂದು ಬಂದು, ಅನ್ನ ಮುಟ್ಟುವ ಮೊದಲು ಅವರ ಎಲೆಯ ಹಸಿರು ಬಿಚ್ಚಿ ಹಳದಿ ತುಂಬುವಳು. ಸೊಣ್ಣಪ್ಪನಿಗೆ ಹಸಿರೆಲೆ. ಅದನ್ನು ಹೊಲಿದವಳು ಭಾಗ್ಯಮ್ಮನೇ.

ಈ ಸಂಕ್ರಾಂತಿಗೆ ಹೆಳವ ಬಂದಿದ್ದ. ಒಕ್ಕಲ ಮನೆಗಳ ತಲೆತಲಾಂತರದ ಹೆಸರು ಬಾಯಲ್ಲಿಟ್ಟುಕೊಂಡು, ಎತ್ತಿನ ಮೇಲೆ ಊರೂರು ತಿರುಗಿ ಹೇಳುವವನು. ಕ್ವಾರ್ಟರ್ಸಿನ ಗೇಟಿನಲ್ಲಿ ವಾಚ್‌ಮನ್ ಎತ್ತನ್ನು ತಡೆದು ದೊಡ್ಡ ರಂಪವಾಗಿ, ವೆಂಕಟಲಕ್ಷ್ಮಿಯೇ ಓಡಿಹೋಗಿ ಕರೆತಂದಳು. ಏಳು ತಲೆಮಾರು ಹೇಳಿಸಿಕೊಂಡು ಬಟ್ಟೆಗೆ ತಾಳೆ ನೋಡಿದಳು. ಭಾಗ್ಯಮ್ಮ ಮೊರದಲ್ಲಿ ರಾಗಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಇಬ್ಬರ ಮಾತೂ ನಿಂತಿತ್ತು. ವೆಂಕಟಲಕ್ಷ್ಮಿಯ ಮುಖ ಬಿಳಿಚಿಕೊಂಡಿತ್ತು. ಪ್ರತಿ ಸಲ “ಮುತ್ತೈದೆಯಾಗಿ ಬಾಳು ತಾಯಿ” ಎನ್ನುತ್ತಿದ್ದ ಹೆಳವ ಅಂದು ರಾಗಿ ಸುರಿಸಿಕೊಂಡು, ಭಾಗ್ಯಮ್ಮನ ಹಣೆ ನೋಡದೆ, “ದೇವ್ರು ಕಾಯ್ಲಿ” ಎಂದಷ್ಟೇ ಅಂದು ಎತ್ತು ಹತ್ತಿದ. ಭಾಗ್ಯಮ್ಮ ಏನೆಂದು ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾಳು ಎಂಬ ಭಯ. ಅಂದಿನಿಂದ ಬಟ್ಟೆ ಟ್ರಂಕು ಸೇರಿತು, ಕೀಲಿಕೈ ವೆಂಕಟಲಕ್ಷ್ಮಿಯ ಸೊಂಟ ಸೇರಿತು.

ಯುಗಾದಿಗೆ ಅಂಜಿನಮ್ಮ ಬಂದವಳು ಊಟದ ಎಲೆ ಮುಂದೆ ಕೂತೇ ಮಾತು ತೆಗೆದಳು. “ಬರೋ ಕಾರ್ತೀಕಕ್ಕೆ ಅನ್ನೆರಡು ತುಂಬ್ತದೆ. ಅವನ ಎಸ್ರಲ್ಲಿ ಕಾರ್ಯ ಮಾಡಿ, ಇವಳ ಬಳೆ ತೆಗೆಸಿ, ತವರಿಗೆ ಕಳಿಸ್ರಿ. ಇದ್ದಾನೋ ಇಲ್ವೋ ಗೊತ್ತಿಲ್ದೋನ ಎಸ್ರಲ್ಲಿ ಕುಂಕುಮ ಇಟ್ಕಂಡು ಮೆರೆಯೋದು ಮನೆಗೆ ಒಳ್ಳೇದಲ್ಲ.”

“ಅತ್ತೆ, ಊರೂರು ಸುತ್ತಿ ಕೇಳ್ತಿರೋಳು ನಾನು,” ಎಂದಿದ್ದಳು ವೆಂಕಟಲಕ್ಷ್ಮಿ. “ಸೊಣ್ಣಪ್ಪ ಇಲ್ಲ ಅಂತ ಗೊತ್ತಾದ್ರೆ ಬಟ್ಟೇಲಿ ಅವನ ಎಲೆ ಹಳದಿ ಆಗುತ್ತೆ. ಅಲ್ಲೀವರ್ಗೂ ಯಾರೂ ಇವಳ ಬಳೆ ಮುಟ್ಟಂಗಿಲ್ಲ.”

“ಆಗ್ಲಿ. ನಿನ್ ಬಟ್ಟೆ ಏಳಿದಂಗೆ,” ಅಂದಿದ್ದಳು ಅಂಜಿನಮ್ಮ.

ಅದಾದ ಮಾರನೇ ವಾರ, ಆಗಲೇ ಕಣ್ಣು ಅರಿಶಿನವಾಗಿದ್ದ ವೆಂಕಟಲಕ್ಷ್ಮಿ ಯಶವಂತಪುರಕ್ಕೆ ಹೊರಟ ಭಾಗ್ಯಮ್ಮನಿಗೆ ಹೇಳಿದಳು: “ಹಸಿರು ದಾರದ ಲಡಿ ಒಂದು ತಾರೇ. ಒಂದು ಸಾಲ್ದು, ಎರಡು ತಾ.” ಮನೆತನದಲ್ಲಿ ಹೊಸದಾಗಿ ಯಾರೂ ಹುಟ್ಟಿರಲಿಲ್ಲ. ಯಾಕೆ ಹಸಿರು ಎಂದು ಭಾಗ್ಯಮ್ಮ ಕೇಳಲಿಲ್ಲ. ತಂದುಕೊಟ್ಟಳು.

*

“ಬಿಚ್ಚೇ,” ಎಂದಳು ಅಂಜಿನಮ್ಮ.

ಹೆಣಕ್ಕೆ ಸೀರೆ ಉಡಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಅಕ್ಕಪಕ್ಕದ ಮನೆಗಳ ಹೆಂಗಸರು ತುಂಬಿದ್ದರು. ಭಾಗ್ಯಮ್ಮನೂ ಗೋಪಾಲಪ್ಪನೂ ಎರಡು ತುದಿ ಹಿಡಿದು ಬಟ್ಟೆ ಬಿಚ್ಚಿದರು. “ಅಬ್ಬಾ!” ಎಂದರು ಯಾರೋ. ಕಂದು ಕಾಂಡ, ಹರಡಿದ ಕೊಂಬೆ, ನೂರಕ್ಕೂ ಮಿಕ್ಕಿದ ಎಲೆ. ಭಾಗ್ಯಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಹಳದಿಯಾಗಿದ್ದರೆ ಈಗಲೇ, ಇಲ್ಲೇ, ಇಷ್ಟು ಜನರ ಮುಂದೆ ಬಳೆ ಒಡೆಸುತ್ತಾಳೆ ಈ ಮುದುಕಿ. ವರಮಹಾಲಕ್ಷ್ಮಿಗೆ ಮನೆಮನೆಗೆ ಅರಿಶಿನ ಕುಂಕುಮಕ್ಕೆ ಕರೆಯುವವರು ನಾಳೆಯಿಂದ ಕದ ಹಾಕಿಕೊಳ್ಳುತ್ತಾರೆ. ತವರಿನಲ್ಲಿ ಯಾರಿದ್ದಾರೆ? ಒಬ್ಬ ತಮ್ಮ, ಅವನ ಹೆಂಡತಿ. ಒಲೆಯ ಮೂಲೆ. ಇದೆಲ್ಲಕ್ಕಿಂತ ಮೇಲಾಗಿ, ಅವನು ಇಲ್ಲ ಎಂದಾಗಿಬಿಡುತ್ತದೆ.

“ನಂಗೆ ಕಣ್ಣು ಮಂಜು,” ಎಂದಳು ಅಂಜಿನಮ್ಮ. “ಗೋಪಾಲ, ಸೊಣ್ಣಪ್ಪಂದು ನೋಡು.”

ಗೋಪಾಲಪ್ಪ ಬಟ್ಟೆಯ ಮೇಲೆ ಬಗ್ಗಿ ಹುಡುಕಿದ.

“ಹಸಿರೇ ಐತೆ ಅತ್ತೆ. ಕಡು ಹಸಿರು.”

ಭಾಗ್ಯಮ್ಮ ಕಣ್ಣು ಬಿಟ್ಟಳು. ಹಸಿರು! ಬೆರಳಿಂದ ಎಲೆ ಸವರಿದಳು. ಬೇರೆ ಎಲೆಗಳಿಗಿಂತ ಕೊಂಚ ದಪ್ಪಗಿತ್ತು, ಅಷ್ಟೆ. ಅಕ್ಕನ ಮುಖ ನೋಡಿ ಬಿಕ್ಕಿ ಬಿಕ್ಕಿ ಅತ್ತಳು. ಬೆಳಗಿನಿಂದ ಅವಳಿಗೆ ಅಳು ಬಂದದ್ದೇ ಈಗ.

ಅಷ್ಟರಲ್ಲಿ ಸತ್ಯವತಿ ಟೀಚರ್ ಬಂದರು. ಹೆಣಕ್ಕೆ ಹೂವಿಟ್ಟು ಕೈಮುಗಿದು, ಬಟ್ಟೆಯ ಬಳಿ ಬಂದು ಕನ್ನಡಕ ಏರಿಸಿದರು.

“ಎಷ್ಟು ನೀಟಾಗಿ ಮಾಡಿದಾಳೆ ನೋಡಿ. ನನ್ನ ಕ್ಲಾಸಲ್ಲಿ ಇವಳಿಗೆ ಸಾಟಿ ಯಾರೂ ಇರಲಿಲ್ಲ ಕಣ್ರೀ.”

ಹೊಲಿಗೆ ಟೀಚರ್ ಅಂದ ಮೇಲೆ ಮುಂಬದಿ ನೋಡಿ ಸುಮ್ಮನಾಗುವ ಪೈಕಿಯೇ? ಕ್ಲಾಸಿನಲ್ಲಿ “ಮುಂಬದಿ ಊರಿಗೆ, ಹಿಂಬದಿ ನನಗೆ” ಎಂದು ತಿರುಗಿಸಿ ನೋಡಿಯೇ ಮಾರ್ಕ್ಸ್ ಹಾಕುತ್ತಿದ್ದವರು. ಅಭ್ಯಾಸಬಲದಿಂದ ಬಟ್ಟೆಯ ಆ ಮೂಲೆ ಎತ್ತಿ ಮಗುಚಿದರು. ಪಕ್ಕದಲ್ಲಿ ನಿಂತ ಭಾಗ್ಯಮ್ಮನಿಗೂ ಕಂಡಿತು.

ಸೊಣ್ಣಪ್ಪನ ಎಲೆ ಹಿಂಬದಿಯಲ್ಲಿ ಹಳದಿ.

ಅಪ್ಪಟ ಹಳದಿ. ಹಸಿರಿನ ಒಂದು ಎಳೆಯೂ ಇಲ್ಲ. ಭಾಗ್ಯಮ್ಮನಿಗೂ ಹೊಲಿಗೆ ಗೊತ್ತು, ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅಕ್ಕ ಮೊದಲು ಹಸಿರು ಬಿಚ್ಚಿ ಹಳದಿ ತುಂಬಿದ್ದಾಳೆ. ಬಟ್ಟೆಯಲ್ಲಿ ಸುಳ್ಳು ಇರಬಾರದಲ್ಲ. ಆಮೇಲೆ, ಆ ಎರಡು ಲಡಿ ತರಿಸಿಕೊಂಡು, ಬಟ್ಟೆಗೆ ಸೂಜಿ ಚುಚ್ಚದೆ, ಹಳದಿಯ ಮೈಮೇಲೆಯೇ ಹಸಿರನ್ನು ಹೆಣೆದು ಮುಚ್ಚಿದ್ದಾಳೆ. ಜ್ವರದ ಕೈಯಲ್ಲಿ, ಕಣ್ಣು ಕಾಣದ ಹೊತ್ತಿನಲ್ಲಿ.

ಟೀಚರ್ ಭಾಗ್ಯಮ್ಮನ ಮುಖ ನೋಡಿದರು. ಆರು ವರ್ಷದಿಂದ ಈ ಮರ ಬೆಳೆಯುವುದನ್ನು ನೋಡಿದವರು, ಎಲೆಯ ಬಣ್ಣ ತಿಳಿಯದವರೇನಲ್ಲ.

“ಏನದು ಟೀಚರಮ್ಮ, ಅಂಗೆ ನೋಡ್ತಿದೀರಿ?” ಅಂಜಿನಮ್ಮ ಕತ್ತು ಚಾಚಿದಳು.

ಭಾಗ್ಯಮ್ಮನ ಕೈ ತಾನಾಗಿ ಹಣೆಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಕೈ ಅದು.

“ಏನಿಲ್ಲ ಅಂಜಿನಮ್ಮನೋರೆ,” ಎಂದರು ಟೀಚರ್. ಮೂಲೆ ಮೆಲ್ಲನೆ ಕೆಳಗಿಟ್ಟು ಅಂಗೈಯಿಂದ ಒತ್ತಿದರು. “ಹಿಂದುಗಡೆಗೆ ಅಸ್ತರು ಹಾಕಿಲ್ಲ. ಹೀಗೇ ಬಿಟ್ರೆ ಗಂಟುಗಳು ಬಿಚ್ಕೊಳ್ತವೆ. ಭಾಗ್ಯ, ಇವತ್ತೇ ಹಾಕ್ಬಿಡಮ್ಮ. ತಡ ಮಾಡ್ಬೇಡ.”

“ಅದೆಲ್ಲ ಆಮೇಲೆ. ಒತ್ತಾಯ್ತು.” ಅಂಜಿನಮ್ಮ ಕುಂಕುಮದ ಬಟ್ಟಲು ಮುಂದೆ ಚಾಚಿದಳು. ತಾನು ವಿಧವೆ, ಹೆಣದಿಂದ ಮಾರು ದೂರ ಸರಿದು ನಿಂತಳು. “ಬಾರೇ. ವಾರಗಿತ್ತಿ ನೀನು, ಮೊದ್ಲು ನೀನೇ ಇಡು. ಅವಳು ಏಳಿದ್ದು ನಿಜ ಆಯ್ತು. ಬಟ್ಟೆ ಅಸಿರು ಅಂದ್ಮೇಲೆ ಕಾರ್ತೀಕದ ಮಾತು ನಾನಿನ್ನು ಎತ್ತಾಕಿಲ್ಲ.”

ಭಾಗ್ಯಮ್ಮ ಬಟ್ಟಲು ತೆಗೆದುಕೊಂಡಳು. ಗಂಡ ಸತ್ತವಳು ಮುತ್ತೈದೆ ಹೆಣಕ್ಕೆ ಕುಂಕುಮ ಇಟ್ಟರೆ ಏನಾಗುತ್ತದೋ! ಮುಂದಿನ ಜನ್ಮಕ್ಕೂ ಅಂಟುವ ಪಾಪವೋ, ಇವತ್ತೇ ಈ ಮನೆಗೆ ಕೇಡೋ. ಇಡದಿದ್ದರೆ? ಸುತ್ತ ಇಪ್ಪತ್ತು ಜೋಡಿ ಕಣ್ಣು. ಅತ್ತ ದರಿ, ಇತ್ತ ಪುಲಿ. ಅವಳು ಮಂಡಿಯೂರಿದಳು. ವೆಂಕಟಲಕ್ಷ್ಮಿಯ ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಸಣ್ಣ ಸಣ್ಣ ಕಪ್ಪು ಗುರುತು, ಹತ್ತಾರು. ಕಾಮಾಲೆಯ ಕೈಗೆ ಕಣ್ಣು ತಪ್ಪಿದಾಗಲೆಲ್ಲ ಚುಚ್ಚಿದ್ದು.

“ಅಕ್ಕ,” ಎಂದಳು ಭಾಗ್ಯಮ್ಮ. ಅಗಲವಾಗಿ ಕುಂಕುಮ ಇಟ್ಟಳು.

*

ದೊಡ್ಡನೆಕ್ಕುಂದಿಯ ಹೊಲದಲ್ಲಿ ಮಣ್ಣು ಮಾಡಿ ಗಂಡಸರು ವ್ಯಾನಿನಲ್ಲಿ ಹಿಂದಿರುಗಿದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಹೆಣ ಕೂರಿಸಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಭಾಗ್ಯಮ್ಮ ಮಿಂದು ಬಂದು, ಅನ್ನ ಮುಟ್ಟದೆ, ದೀಪದ ಮುಂದೆ ಬಟ್ಟೆ ಹರಡಿಕೊಂಡು ಕೂತಳು. ‘ವೆಂಕಟಲಕ್ಷ್ಮಿ’ ಎಂಬ ಹೆಸರಿನ ಎಲೆಯ ಹಸಿರನ್ನು ಎಳೆಎಳೆಯಾಗಿ ಬಿಚ್ಚಿದಳು. ಕಣ್ಣು ಎಣಿಸಿ ಎಣಿಸಿ ಹಳದಿ ತುಂಬಿದಳು. ಅಂಜಿನಮ್ಮ ಗೋಡೆಗೊರಗಿ ನೋಡುತ್ತಿದ್ದಳು.

ಆಮೇಲೆ ಅಕ್ಕ ದಿನಾ ಉಡುತ್ತಿದ್ದ ಹಳೆಯ ನೂಲಿನ ಸೀರೆ ತಂದು ಅಳತೆಗೆ ಹರಿದಳು.

“ಇವತ್ತೇ ಯಾಕೇ ಅಸ್ತರು?” ಎಂದಳು ಅಂಜಿನಮ್ಮ.

“ಟೀಚರ್ ಹೇಳಿದ್ರಲ್ಲ ಅತ್ತೆ.”

“ಊಂ. ಆಕು ಆಕು. ಗಟ್ಟಿಯಾಗಿ ಆಕು.” ಮುದುಕಿ ಕಣ್ಣು ಮುಚ್ಚಿದಳು.

ಒಂದು ಅಂಚು ಮುಗಿಯಿತು, ಎರಡಾಯಿತು, ಮೂರಾಯಿತು. ನಾಲ್ಕನೆಯದರಲ್ಲಿ ಗೇಣಗಲ ಉಳಿದಾಗ ಭಾಗ್ಯಮ್ಮ ಸೂಜಿಯನ್ನು ಸೆರಗಿಗೆ ಸಿಕ್ಕಿಸಿ, ಆ ಸಂದಿನಲ್ಲಿ ಕೈ ತೂರಿಸಿದಳು. ಕತ್ತಲೊಳಗೆ ತಡಕಾಡಿದ ಬೆರಳಿಗೆ ಸೊಣ್ಣಪ್ಪನ ಎಲೆಯ ಹಿಂಬದಿ ಸಿಕ್ಕಿತು. ತರಿತರಿಯಾಗಿತ್ತು. ಬೆರಳನ್ನು ಅಲ್ಲೇ ಇಟ್ಟುಕೊಂಡು ಬಹಳ ಹೊತ್ತು ಕೂತಳು.

ಹೊರಗೆ ರಸ್ತೆಯಲ್ಲಿ ಲಾರಿಯೊಂದು ಗೇರು ಬದಲಿಸಿತು.

ಭಾಗ್ಯಮ್ಮ ತಲೆ ಎತ್ತಲಿಲ್ಲ. ಕೈ ಹೊರಗೆ ತೆಗೆದು, ಬಳೆ ಸದ್ದಾಗದಂತೆ ಮೇಲೆ ಸರಿಸಿಕೊಂಡು, ಉಳಿದ ಗೇಣಗಲವನ್ನು ಹೊಲಿಯತೊಡಗಿದಳು.